ಗಾಳಕ್ಕೆ ಸಿಕ್ಕ ಶಿವದಾರ

ನಿಮ್ಮ ಕಡೆ ಗುಡ್ಡ ಎಲ್ಲಿವೆ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೇಳುವವರು ಇಂಡಿಯನ್ನೋ ಸಿಂದಗಿಯನ್ನೋ ಬಸ್ಸಿನ ಕಿಟಕಿಯಿಂದ ನೋಡಿದವರು. ಜೋಳ, ತೊಗರಿ, ಮತ್ತೆ ಜೋಳ, ಅಷ್ಟೇ ಅವರ ಕಣ್ಣಿಗೆ ಬಿದ್ದಿರುತ್ತದೆ. ಬಾಗೇವಾಡಿ ದಾಟಿ ಕೃಷ್ಣೆಯ ಕಡೆ ಇಳಿದಿರುವುದಿಲ್ಲ, ಮುದ್ದೇಬಿಹಾಳದ ಕಡೆಯ ಕೆಂಪು ಕಲ್ಲಿನ ಗುಡ್ಡ ಹತ್ತಿರುವುದಿಲ್ಲ. ಗುಡ್ಡ ಎಂದರೆ ಮೋಡಕ್ಕೆ ತಾಗಬೇಕು ಎಂದುಕೊಂಡವರ ಜೊತೆ ವಾದ ಮಾಡುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು.

ದನದ ದವಾಖಾನೆಯ ನೌಕರಿಯಲ್ಲಿ ಈ ನಾಲ್ಕೂ ತಾಲೂಕುಗಳನ್ನು ನಾನು ಸುತ್ತಿದ್ದೇನೆ. ವರ್ಗವಾದಲ್ಲೆಲ್ಲ ಮೊದಲು ಮನೆ ಹುಡುಕಿದೆ, ಆಮೇಲೆ ನೀರು ಹುಡುಕಿದೆ. ಹೆಂಡತಿಯನ್ನು ಕೇಳಿದರೆ ಮೊದಲು ನೀರು ಎನ್ನುತ್ತಾಳೆ. ಅಗರಖೇಡದ ಹತ್ತಿರ ಭೀಮೆಯ ದಂಡೆಯಲ್ಲಿ ಡೇರೆ ಹೊಡೆದಿದ್ದೇನೆ. ಅಲ್ಲಿ ಮೀನು ಚೆನ್ನಾಗಿ ಬೀಳುತ್ತವೆ, ಆದರೆ ಬೆಳಗಾಗುವ ಮೊದಲೇ ಸುತ್ತಲಿನ ಮೋಟಾರುಗಳು ಶುರುವಾಗಿ ನಿದ್ದೆಯೂ ಹೋಗುತ್ತದೆ, ಮೀನೂ ಹೋಗುತ್ತವೆ. ಯಂಕಂಚಿಯ ಕಡೆ ಹಳ್ಳದಲ್ಲೊಂದು ಮಡು ಇದೆ, ಮಳೆ ನಿಂತ ಎರಡು ತಿಂಗಳು ಮಾತ್ರ ಕೂರುವಂಥದ್ದು. ಚಡಚಣದ ಹತ್ತಿರ ಒಂದು ಕೆರೆಯ ಏರಿಯ ಮೇಲೆ ಮಲಗಿದ್ದಾಗ ದ್ರಾಕ್ಷಿ ತೋಟದವನೊಬ್ಬ ಬಂದು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ನನ್ನನ್ನು ಕಳ್ಳನೆಂದು ಬೈದು, ನಂತರ ಗುರುತು ಹಿಡಿದು, ಅವನ ಎಮ್ಮೆಗೆ ಸೂಜಿ ಮಾಡಿಸಿಕೊಂಡು ಕಳಿಸಿದ. ಎಲ್ಲಿ ಮಲಗಬೇಕು ಎನ್ನುವುದನ್ನು ಕುರಿಗಾರರನ್ನು ನೋಡಿ ಕಲಿತೆ. ಕುರಿ ಹಿಂಡು ಕೂತ ನೆಲ ನೋಡಿ ಡೇರೆ ಹೊಡೆದರೆ ತೇವ ಇರುವುದಿಲ್ಲ, ಗಾಳಿ ಮುಖಕ್ಕೆ ಹೊಡೆಯುವುದಿಲ್ಲ.

ಇವೆಲ್ಲಕ್ಕಿಂತ ಮಿಗಿಲಾದ ಜಾಗ ಕೃಷ್ಣೆಯ ಹಿನ್ನೀರಿನಲ್ಲಿದೆ. ಅಣೆಕಟ್ಟಿನ ನೀರು ಏರಿ ಬಂದು ಗುಡ್ಡಗಳ ಸಂದಿಯಲ್ಲಿ ನಿಂತಿದೆ. ಒಂದು ಗುಡ್ಡದ ಮೂರು ಕಡೆ ನೀರು, ನಾಲ್ಕನೆಯ ಕಡೆ ಮುಳ್ಳು ಕಂಟಿ ಮತ್ತು ಎರಡು ತಾಸಿನ ಕಲ್ಲು ದಾರಿ. ಹರಿಗೋಲಿನಲ್ಲಿ ಹೋದರೆ ಒಂದು ತಾಸು. ನೀರಿನ ಅಂಚಿಗೆ ಜಗುಲಿಯಂತೆ ಚಾಚಿದ ಒಂದು ಚಪ್ಪಟೆ ಬಂಡೆ, ಅದರ ಆಚೆ ಎದೆಮಟ್ಟ ನೀರು, ಅದರಾಚೆ ಆಳ. ಜೋಳದ ಹಿಟ್ಟಿಗೆ ಬೆಲ್ಲ ಕಲಸಿ ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸಿದರೆ ರೋಹು ಅಲ್ಲಿ ಹುಡುಕಿಕೊಂಡು ಬರುತ್ತದೆ. ಆ ಗುಡ್ಡ ಯಾವುದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ಅಲ್ಲಿ ಕಾಗದದ ತಟ್ಟೆಗಳು ಬಿದ್ದಿರುತ್ತವೆ.

ನಾವು ಮೀನು ತಿನ್ನುವವರಲ್ಲ. ನಮ್ಮದು ಲಿಂಗ ಕಟ್ಟುವ ಮನೆತನ, ಅಡುಗೆ ಮನೆಯಲ್ಲಿ ತತ್ತಿಯ ಹೆಸರನ್ನೂ ಎತ್ತುವುದಿಲ್ಲ. ಹಿಡಿದ ಮೀನನ್ನು ನಾನು ತಿರುಗಿ ನೀರಿಗೆ ಬಿಡುತ್ತೇನೆ, ಇಲ್ಲವೆ ನನ್ನನ್ನು ಗುಡ್ಡಕ್ಕೆ ಮುಟ್ಟಿಸುವ ಹರಿಗೋಲಿನ ಅಕ್ಕನಿಗೆ ಕೊಡುತ್ತೇನೆ. ಆಕೆ ಹಿನ್ನೀರಿನಲ್ಲಿ ಬಲೆ ಹಾಕುವ ಹೆಂಗಸು, ಐವತ್ತು ದಾಟಿದವಳು, ಮಾತು ಕಡಿಮೆ. ತನ್ನ ಬಲೆಗೆ ಬಿದ್ದ ಮೀನು ಎರಡು ಕೆ.ಜಿ.ಗೆ ಐವತ್ತು ಗ್ರಾಂ ಕಡಿಮೆ ಇದ್ದರೂ ಕಡಿಮೆ ಇದೆ ಎಂದೇ ಹೇಳುವವಳು. ಆರು ವರ್ಷದಿಂದ ನಮಗೆ ಪರಿಚಯ.

ನಮ್ಮಪ್ಪನಿಗೆ ಮಾತ್ರ ನನ್ನ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಅವರಿಗೆ ಆಗ ಎಪ್ಪತ್ತೆಂಟು. ಹೋದ ಚಳಿಗಾಲದಲ್ಲಿ ಒಂದು ದಿನ ಉಣ್ಣಲು ಕೂತಾಗ ಕೇಳಿದರು.

"ಆ ಗುಡ್ಡದಾಗ ನೀ ಏನ್ ತಿಂತಿ?"

"ರೊಟ್ಟಿ ತಿಂತೇನ್ರಿ. ಮನ್ಯಾಗಿಂದ ಕಟಗೊಂಡ ಹೋಗಿದ್ದು."

"ಹಿಡದ ಮೀನ?"

"ನೀರಿಗಿ ಬಿಡ್ತೇನಿ. ಇಲ್ಲಂದ್ರ ಹರಗೋಲದಾಕಿಗಿ ಕೊಡ್ತೇನಿ."

"ಬಿಡಾಂವ ಹಿಡಿಯೂದ್ಯಾಕ?"

ನಾನು ಇನ್ನೊಂದು ರೊಟ್ಟಿ ಮುರಿದೆ. ಅಪ್ಪ ಕೈ ತೊಳೆಯುತ್ತಾ ಹೇಳಿದರು, "ಈ ಸರ್ತಿ ನಾನೂ ಬರ್ತೇನಿ. ನೋಡೇ ಬಿಡೂಣು." ಮಗನ ಮೇಲೆ ಪಹರೆ ಮಾಡಲು ಗುಡ್ಡಕ್ಕೆ ಹೊರಟ ತಂದೆ ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು. ನನಗೆ ನಗು ಬಂತು, ಒಳಗೊಳಗೆ ಸಿಟ್ಟೂ ಬಂತು. ಐವತ್ತು ವರ್ಷದವನನ್ನು ಕಾಯುತ್ತಾರೆ ಎಂದರೆ ಹೇಗೆ.

ಹೆಂಡತಿ ಬುತ್ತಿ ಕಟ್ಟಿದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಪುಂಡಿ ಪಲ್ಯ. ಅಪ್ಪನಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಸಂಜೆ ಇನ್ಸುಲಿನ್ ಬೇಕು. ಹಾಗಾಗಿ ಬುತ್ತಿಯಲ್ಲಿ ಸಿಹಿ ಎನ್ನುವುದು ಒಂದು ಹರಳೂ ಇರದಂತೆ ನೋಡಿಕೊಂಡಳು, ನನ್ನ ಚಹಾದ ಸಕ್ಕರೆಯನ್ನೂ ತೆಗೆದಿಟ್ಟಳು. ಬಾಗಿಲಲ್ಲಿ ನಿಂತು ನನಗೆ ಮೂರು ಸಲ ಹೇಳಿದಳು, "ಚುಚ್ಚಿದ ಮ್ಯಾಲ ಅರ್ಧಾ ತಾಸಿನ್ಯಾಗ ಮಾವಾರಿಗೆ ಉಣಸ್ರಿ. ನೀವು ಮೀನ ನೋಡಕೋತ ಕುಂದ್ರಬ್ಯಾಡ್ರಿ." ದಿನಾ ಹತ್ತಾರು ದನಕ್ಕೆ ಚುಚ್ಚುವವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಎಂದು ರೇಗಿದೆ.

ಸಂಜೆ ಮುಂದೆ ಅಕ್ಕ ನಮ್ಮನ್ನು ಗುಡ್ಡಕ್ಕೆ ಮುಟ್ಟಿಸಿ, ಮರುದಿನ ಬಲೆ ಎತ್ತಲು ಬಂದಾಗ ಕರೆದುಕೊಂಡು ಹೋಗುತ್ತೇನೆಂದು ತಿರುಗಿದಳು. ಅಪ್ಪ ಹರಿಗೋಲಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದವರು ನೆಲ ಮುಟ್ಟಿದ ಮೇಲೆ ತೆರೆದರು. ಡೇರೆಯನ್ನು ಸುತ್ತು ಹಾಕಿ ನೋಡಿದರು, ನನ್ನ ಪಾತ್ರೆಗಳನ್ನು ಒಂದೊಂದಾಗಿ ಮೂಸಿದರು. ಏನೂ ಸಿಗಲಿಲ್ಲ. ಸ್ವಲ್ಪ ನಿರಾಸೆಯೇ ಆದಂತೆ ಕಂಡಿತು. ರಾತ್ರಿ ಇಬ್ಬರಿಗೂ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಎದ್ದಾಗ ನೀರಿನ ಮೇಲೆ ಸಣ್ಣ ಮಂಜು ಇತ್ತು. ಬಂಡೆಯ ಮುಂದೆ ಮೀನು ಹೊರಳಿ ಹೊರಳಿ ಉಂಗುರ ಎಬ್ಬಿಸುತ್ತಿದ್ದವು. ಗಾಳ ಹಿಡಿದವನಿಗೆ ಮಾತ್ರ ಗೊತ್ತು ಆ ಹೊತ್ತಿನ ಚಡಪಡಿಕೆ. ಬಿಸಿಲು ಏರಿದರೆ ಅವು ಆಳಕ್ಕೆ ಹೋಗುತ್ತವೆ, ಮತ್ತೆ ಸಂಜೆಯವರೆಗೆ ಮೇಲೆ ಬರುವುದಿಲ್ಲ.

ಮನೆಯಲ್ಲಿ ಅಪ್ಪನ ಕ್ರಮ ಹೀಗೆ: ಮೊದಲು ಸ್ನಾನ, ನಂತರ ಲಿಂಗಪೂಜೆ, ಪೂಜೆ ಮುಗಿದ ಮೇಲೆ ಚುಚ್ಚುಮದ್ದು, ಆಮೇಲೆ ರೊಟ್ಟಿ. ಪೂಜೆ ಆಗದೆ ಅವರು ಹನಿ ನೀರನ್ನೂ ಬಾಯಿಗೆ ಹಾಕುವುದಿಲ್ಲ. ಆ ಬೆಳಿಗ್ಗೆ ನಾನು ಲೆಕ್ಕ ಹಾಕಿದೆ. ಸ್ನಾನ ಆಗಿದೆ, ಪೂಜೆಗೆ ಅರ್ಧ ತಾಸು. ಅದು ಮುಗಿಯುವ ತನಕ ಕಾದು, ಆಮೇಲೆ ಚುಚ್ಚಿ, ಆಮೇಲೆ ಬಡಿಸಿ ಏಳುವಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಈಗಲೇ ಚುಚ್ಚಿಬಿಟ್ಟರೆ ನನ್ನ ಕೆಲಸ ಮುಗಿಯಿತು, ಪೂಜೆ ಆದ ಮೇಲೆ ಬುತ್ತಿ ಬಿಚ್ಚಿಕೊಂಡು ಅವರೇ ಉಣ್ಣುತ್ತಾರೆ.

"ಪೂಜಾ ಆಗಿಲ್ಲಲ್ಲ ಇನ್ನಾ," ಎಂದರು ಅಪ್ಪ.

"ಏನೂ ಆಗಾಂಗಿಲ್ರಿ. ಅರ್ಧಾ ತಾಸಿನ ಮಾತು."

ಅವರು ಹೊಟ್ಟೆಯ ಮೇಲಿನ ಅಂಗಿ ಎತ್ತಿದರು. ಚುಚ್ಚಿದೆ. ಕೈಗಡಿಯಾರ ನೋಡಿದೆ, ಏಳಕ್ಕೆ ಹತ್ತು ನಿಮಿಷ ಇತ್ತು. ಅಪ್ಪನನ್ನು ಡೇರೆಯ ಪಕ್ಕದ ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಕೂರಿಸಿ, ಕೋಲು ಎತ್ತಿಕೊಂಡು ಬಂಡೆಗೆ ಬಂದೆ.

ಎರಡನೆಯ ಸಲ ಗಾಳ ಬೀಸುವಾಗ ಹಿಂದೆ ತಿರುಗಿ ನೋಡಲಿಲ್ಲ. ಪೂಜೆಯ ನೀರಿಗೆಂದು ಅಪ್ಪ ಸದ್ದಿಲ್ಲದೆ ಇಳಿದು ಬಂದು ನನ್ನ ಬೆನ್ನ ಹಿಂದೆಯೇ ಬಂಡೆಯ ಅಂಚಿನಲ್ಲಿ ಕೂತಿದ್ದರು. ಕೊರಳಲ್ಲಿ ಶಿವದಾರ, ಅದಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ ಬಾಯಿ ತೆರೆದುಕೊಂಡು ಎದೆಯ ಮೇಲೆ, ಅದರೊಳಗಿನ ಲಿಂಗ ಎಡ ಅಂಗೈಯ ಮೇಲೆ. ನಾನು ಕೋಲನ್ನು ಹಿಂದಕ್ಕೆ ಒಯ್ದು ಜೋರಾಗಿ ಮುಂದಕ್ಕೆ ಬೀಸಿದೆ. ಗಾಳದ ದಾರ ಹೋಗಲಿಲ್ಲ, ಹಿಂದೆ ಎಲ್ಲೋ ತಡೆಯಿತು. ಕಂಟಿಗೆ ಸಿಕ್ಕಿರಬೇಕೆಂದು ಸಿಟ್ಟಿನಿಂದ ಇನ್ನೊಮ್ಮೆ ಜಗ್ಗಿದೆ.

"ಅಯ್ಯ" ಎಂದ ಸದ್ದು ಕೇಳಿ ತಿರುಗಿದೆ. ಗಾಳ ಅಪ್ಪನ ಶಿವದಾರಕ್ಕೆ ಸಿಕ್ಕಿತ್ತು. ಅವರು ಒಂದು ಕಡೆ ವಾಲಿ ಬಲಗೈಯನ್ನು ಬಂಡೆಗೆ ಊರಿದ್ದರು. ಎಡ ಅಂಗೈ ಇನ್ನೂ ಹಾಗೆಯೇ ಚಾಚಿಕೊಂಡಿತ್ತು, ಅದರಲ್ಲಿ ಏನೂ ಇರಲಿಲ್ಲ.

ಗಾಳವನ್ನು ಬಿಡಿಸಿದೆ. ಕೊರಳಿಗೆ ಸಣ್ಣ ಗೆರೆ ಬಿದ್ದಿತ್ತು, ಅಷ್ಟೇ. ಅಪ್ಪ ಅದನ್ನು ಮುಟ್ಟಿಯೂ ನೋಡಿಕೊಳ್ಳಲಿಲ್ಲ.

"ನೀರಾಗ ಬಿತ್ತು," ಎಂದರು.

ನಾನು ಅಂಗಿ ಸಮೇತ ನೀರಿಗೆ ಹಾರಿದೆ. ಕೆಳಗೆ ಕೆಂಪು ಕಲ್ಲು, ಸಂದಿ, ಮತ್ತೆ ಕೆಂಪು ಕಲ್ಲು. ಬುಗರಿ ಗಾತ್ರದ ಕಪ್ಪು ಲಿಂಗ. ಎಂಟನೆಯ ವಯಸ್ಸಿಗೆ ಅವರ ಕೊರಳಿಗೆ ಬಂದದ್ದು, ಎಪ್ಪತ್ತು ವರ್ಷ ಒಂದು ದಿನವೂ ಮೈ ಬಿಟ್ಟು ದೂರ ಇರದದ್ದು. ಮುಳುಗಿದೆ, ಎದ್ದೆ, ಮುಳುಗಿದೆ. ನಾಲ್ಕು ಸಲ ಮುಳುಗುವಷ್ಟರಲ್ಲಿ ನೀರೆಲ್ಲ ಕದಡಿ ನನ್ನ ಕೈಯೇ ನನಗೆ ಕಾಣದಾಯಿತು. ಆಗ ಚುಚ್ಚಿದ್ದು ನೆನಪಾಯಿತು. ಎದ್ದು ಗಡಿಯಾರ ನೋಡಿದೆ. ಏಳೂವರೆ ಆಗುತ್ತಾ ಬಂದಿತ್ತು.

ದಂಡೆಗೆ ಬಂದು ಹೇಳಿದೆ, "ಅಪ್ಪಾ, ಮೊದಲ ಎರಡು ತುತ್ತ ಉಣ್ರಿ. ಆಮ್ಯಾಲ ಹುಡಕೂಣು. ಸೂಜಿ ಮಾಡೇನಿ ನಾ."

"ಲಿಂಗ ಇಲ್ದ ಉಣ್ಣಾಂಗಿಲ್ಲ."

"ನಿಮಗ ಸಕ್ಕರಿ ಇಳಿತೈತಿ."

"ಇಳೀಲಿ."

ನಮ್ಮಲ್ಲಿ ಇದು ಹಳೆಯ ಕಟ್ಟಳೆ. ಲಿಂಗ ಕಳೆದುಕೊಂಡವನು ಅದು ಸಿಗುವ ತನಕ ಅನ್ನ ನೀರು ಮುಟ್ಟಬಾರದು. ಸಿಗದೇ ಹೋದರೆ ಮಠಕ್ಕೆ ಹೋಗಿ ಹೊಸದಾಗಿ ಕಟ್ಟಿಸಿಕೊಳ್ಳಬೇಕು, ಅಲ್ಲಿಯವರೆಗೂ ಉಪವಾಸ. ಈಗ ಇದನ್ನು ಪಾಲಿಸುವವರು ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಒಬ್ಬರಿದ್ದರು. ಫೋನು ತೆಗೆದು ನೋಡಿದೆ, ಆ ಸಂದಿಯಲ್ಲಿ ಎಂದೂ ಸಿಗ್ನಲ್ ಸಿಕ್ಕಿದ್ದಿಲ್ಲ, ಅಂದೂ ಸಿಗಲಿಲ್ಲ. ಗುಡ್ಡದ ನೆತ್ತಿ ಹತ್ತಿದರೆ ಒಂದು ಗೆರೆ ಬರುತ್ತದೆ, ಆದರೆ ಅವರನ್ನು ನೀರಿನ ಅಂಚಿನಲ್ಲಿ ಒಬ್ಬರನ್ನೇ ಬಿಟ್ಟು ಹೋಗುವ ಧೈರ್ಯ ಬರಲಿಲ್ಲ. ಮತ್ತೆ ನೀರಿಗೆ ಇಳಿದೆ.

ಎಂಟೂವರೆಗೆ ಅಕ್ಕನ ಹರಿಗೋಲು ತಿರುವಿನಲ್ಲಿ ಕಾಣಿಸಿತು. ನನ್ನ ಜೀವಮಾನದಲ್ಲಿ ಯಾರನ್ನೂ ಅಷ್ಟು ಆಸೆಯಿಂದ ನೋಡಿರಲಿಲ್ಲ.

"ಏನ ಕಳಕೊಂಡೀರಿ ಡಾಕ್ಟ್ರ?"

"ಅಪ್ಪನ ಲಿಂಗ ಬಿದ್ದೈತಿ ಅಕ್ಕಾ. ಸೂಜಿ ಮಾಡಿ ಒಂದೂಮುಕ್ಕಾಲು ತಾಸ ಆತು. ಉಣವಲ್ಲರು. ದವಾಖಾನಿಗಿ ಒಯ್ಯೂಣು ನಡಿ."

ಅಕ್ಕ ಹರಿಗೋಲನ್ನು ಬಂಡೆಗೆ ಒತ್ತಿದಳು. ನಾನು ಅಪ್ಪನ ರಟ್ಟೆ ಹಿಡಿದೆ. ಅವರು ಏಳಲಿಲ್ಲ. ಹಿಡಿದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು.

"ಅದನ್ನಿಲ್ಲಿ ಬಿಟ್ಟು ನಾ ಎಲ್ಲಿಗೂ ಬರಾಂಗಿಲ್ಲ."

ಅಷ್ಟು ಹೊತ್ತು ಹಿಡಿದಿಟ್ಟದ್ದು ನನ್ನ ಬಾಯಿಂದ ಹೊರಗೆ ಬಂತು. "ನನ್ನ ಲಿಂಗ ಮದವ್ಯಾದ ವರ್ಷದಿಂದ ಕಪಾಟನ್ಯಾಗ ಐತಿ. ದಿನಾ ಮೂರ ಹೊತ್ತ ಉಂಡೇನಿ. ಏನಾಗೇತಿ ನನಗ? ಹೇಳ್ರಿ, ಏನಾಗೇತಿ?"

ಇಪ್ಪತ್ತೆರಡು ವರ್ಷ ಮುಚ್ಚಿಟ್ಟ ಮಾತು ಅದು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಓಡಾಡುತ್ತಿದ್ದುದು ಅದಕ್ಕೇ. ಅಪ್ಪ ನನ್ನ ಮುಖ ನೋಡಿದರು. ಸಿಟ್ಟಾಗಲಿಲ್ಲ.

"ನಾ ನಿನಗ ಎಂದಾರ ಕೇಳೇನೇನು?" ಎಂದರು.

ಅವರಿಗೆ ಮೊದಲೇ ಗೊತ್ತಿತ್ತು. ನಾಚಿಕೆಪಡುವುದಕ್ಕೆ ಅದು ಹೊತ್ತಾಗಿರಲಿಲ್ಲ. ಎಡವಿಕೊಂಡು ಮತ್ತೆ ನೀರಿಗೆ ಇಳಿಯಹೋದೆ. ಅಕ್ಕ ತಡೆದಳು.

"ನೀವು ಮ್ಯಾಲ ಇರ್ರಿ. ಇಡೀ ನೀರ ಕದಡಿಟ್ಟೀರಿ. ಕಣ್ಣಿಲೆ ಹುಡಕೂದಲ್ಲ ಇದು, ಕಾಲಿಲೆ ಹುಡಕಬೇಕು."

ಸೀರೆಯನ್ನು ಕಚ್ಚೆ ಹಾಕಿ ಎದೆಮಟ್ಟದ ನೀರಿಗೆ ಇಳಿದಳು. ಬಲೆಯ ಗುಂಡು ಕಳೆದರೆ, ಕೊಡ ಮುಳುಗಿದರೆ ಅವರು ಹುಡುಕುವುದು ಹಾಗೇ ಅಂತೆ. ಒಂದು ಕಾಲು ಊರಿ ಇನ್ನೊಂದು ಕಾಲಿನ ಅಂಗಾಲಿನಿಂದ ಸುತ್ತ ತಡವುವುದು, ಒಂದು ಗೇಣು ಸರಿಯುವುದು, ಮತ್ತೆ ತಡವುವುದು. ನೋಡುವವರಿಗೆ ಆಕೆ ಸುಮ್ಮನೆ ನಿಂತಂತೆ ಕಾಣುತ್ತಿತ್ತು. ನನಗೆ ತಲೆ ಕೆಟ್ಟು ಹೋಗುತ್ತಿತ್ತು. ಬೇಗ ಬೇಗ ಎನ್ನಬೇಕೆನಿಸುತ್ತಿತ್ತು. ಆದರೆ ಬೇಗ ಮಾಡಿ ಈ ಗತಿ ತಂದವನು ನಾನೇ ಆದ್ದರಿಂದ ಬಾಯಿ ಮುಚ್ಚಿಕೊಂಡು ಅಪ್ಪನ ಪಕ್ಕ ಕೂತೆ.

ಒಂಬತ್ತಾಯಿತು. ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಆದರೂ ಅಪ್ಪನ ಹಣೆಯ ಮೇಲೆ ಬೆವರು ಬಂತು. ಒರೆಸಿದೆ, ಮತ್ತೆ ಬಂತು. ಬೆರಳ ತುದಿಗಳು ನಡುಗುತ್ತಿದ್ದವು. ಒಂದು ಕಪ್ಪು ಕಲ್ಲು ಸಿಕ್ಕಿದರೆ ಲಿಂಗವೆಂದು ಕೊಟ್ಟುಬಿಡಲೇ ಎಂದೂ ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ಸುತ್ತ ನೋಡಿದೆ ಕೂಡ. ಎಲ್ಲವೂ ಕೆಂಪು.

ಒಂಬತ್ತೂಕಾಲಿಗೆ ಅಪ್ಪ ನನ್ನ ಕಡೆ ತಿರುಗಿ, "ಎತ್ತ ಹೊಡಕೊಂಡ ಬಂದ್ಯಾ?" ಎಂದರು. ನಮ್ಮ ಮನೆಯಲ್ಲಿ ಎತ್ತು ಇಲ್ಲದೆ ಹದಿನೈದು ವರ್ಷವಾಗಿದೆ. ತೀರಿಹೋದ ನನ್ನ ಕಾಕಾ ಎಂದು ನನ್ನನ್ನು ತಿಳಿದಿದ್ದರು. ನಾಲಿಗೆ ದಪ್ಪಗಾಗಿ ಮಾತು ಒಂದಕ್ಕೊಂದು ಅಂಟಿಕೊಂಡು ಬರುತ್ತಿತ್ತು.

"ಬಂದೇನ್ರಿ ಅಣ್ಣಾ," ಎಂದೆ. "ಹಸಿವ ಆಗೇತಿ. ಇಬ್ರೂ ಕೂಡಿ ಉಣ್ಣೂಣು ಬರ್ರಿ."

ಒಂದು ಗಳಿಗೆ ಆಸೆಯಾಯಿತು. ರೊಟ್ಟಿ ಮುರಿದು ಹಿಡಿದೆ. ಅವರು ಎಡ ಅಂಗೈ ನೋಡಿಕೊಂಡರು, ನಂತರ ತಲೆಯನ್ನು ಅಡ್ಡಡ್ಡ ಆಡಿಸಿದರು. ತಮ್ಮ ಯಾರು, ಮಗ ಯಾರು ಎನ್ನುವುದು ಮರೆತಿತ್ತು, ಇದೊಂದು ಮರೆತಿರಲಿಲ್ಲ.

ಆಮೇಲೆ ಅವರು ಮೆಲ್ಲಗೆ ನನ್ನ ಭುಜಕ್ಕೆ ವಾಲಿದರು. ಕಣ್ಣು ಅರ್ಧ ಮುಚ್ಚಿಕೊಂಡಿತು. ಕರೆದೆ, ಓಗೊಡಲಿಲ್ಲ. ಕೆನ್ನೆ ತಟ್ಟಿದೆ. ಜೋರಾಗಿ ತಟ್ಟಿದೆ. ಜನ್ಮದಲ್ಲಿ ಮೊದಲ ಸಲ ನನ್ನ ತಂದೆಯ ಕೆನ್ನೆಗೆ ಹೊಡೆದೆ ಎಂದೇ ಹೇಳಬೇಕು.

ಸಿಹಿ ಬೇಕಾಗಿತ್ತು. ಬುತ್ತಿಯಲ್ಲಿ ಇರಲಿಲ್ಲ. ಇದ್ದದ್ದು ಮೀನಿನ ಹಿಟ್ಟಿಗೆ ಬೆರೆಸುವ ಬೆಲ್ಲ, ಗಾಳದ ಡಬ್ಬಿಯಲ್ಲಿ, ಎರೆಹುಳದ ಮಣ್ಣಿನ ಪಕ್ಕದ ಖಾನೆಯಲ್ಲಿ. ಡಬ್ಬಿ ತೆರೆದು ಬೆಲ್ಲದ ಚೂರು ಎತ್ತಿಕೊಂಡವನು ಹಾಗೇ ನಿಂತೆ. ಇವರು ಇಡೀ ಬೆಳಗು ಬೇಡ ಎಂದದ್ದನ್ನು ಪ್ರಜ್ಞೆ ತಪ್ಪಿದಾಗ ಬಾಯಿಗೆ ಹಾಕುತ್ತಿದ್ದೇನೆ. ಅವರಿಗೆ ಎಚ್ಚರವಿದ್ದಿದ್ದರೆ ನನ್ನ ಕೈ ತಳ್ಳುತ್ತಿದ್ದರು. ಹಾಕದಿದ್ದರೆ ಸಾಯುತ್ತಾರೆ. ಹಾಕಿದರೆ ಬದುಕಿ, ಎದ್ದು, ಏನು ಮಾಡಿದಿ ಎಂದು ಕೇಳುತ್ತಾರೆ.

ನೀರಿನಲ್ಲಿ ನಿಂತಿದ್ದ ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಹಾಕ್ರಿ," ಎಂದಳು. "ನಾ ಆಕಡಿ ಮಾರಿ ಮಾಡ್ತೇನಿ."

ಹೇಳಿದಂತೆಯೇ ಬೆನ್ನು ತಿರುಗಿಸಿ ನಿಂತು ಕಾಲಾಡಿಸತೊಡಗಿದಳು. ನಾನು ಬೆಲ್ಲವನ್ನು ಕಲ್ಲಿನಿಂದ ಜಜ್ಜಿ ನೀರು ತಾಗಿಸಿ ಬೆರಳಿಗೆ ಹಚ್ಚಿಕೊಂಡೆ. ಅಪ್ಪನನ್ನು ಒಂದು ಮಗ್ಗುಲಾಗಿ ಮಲಗಿಸಿದೆ. ಹಲ್ಲು ಕಚ್ಚಿಕೊಂಡಿದ್ದರು. ಕರುಗಳದ್ದೂ ಹೀಗೇ ಕಚ್ಚಿಕೊಂಡಿರುತ್ತದೆ, ಬಾಯಿಯ ಮೂಲೆಯಲ್ಲಿ ಬೆರಳು ತೂರಿಸಿ ಒಳಗಿನಿಂದ ಕೆನ್ನೆಗೆ ಒತ್ತಿದರೆ ಸಡಿಲುತ್ತದೆ. ಹಾಗೇ ಮಾಡಿದೆ. ದವಡೆ ಸಡಿಲಾಯಿತು. ಬೆಲ್ಲವನ್ನು ಕೆನ್ನೆಯೊಳಗೆ, ವಸಡಿಗೆ ತಿಕ್ಕಿದೆ. ಮತ್ತೆ ಹಚ್ಚಿಕೊಂಡೆ, ಮತ್ತೆ ತಿಕ್ಕಿದೆ. ಇಷ್ಟು ವರ್ಷದ ಕಸುಬು ಇವತ್ತೊಂದು ದಿನ ದಂಡವಾಗಲಿಲ್ಲ ಎಂದುಕೊಂಡದ್ದು ನೆನಪಿದೆ. ಐದು ನಿಮಿಷಕ್ಕೆ ಗಂಟಲು ಅಲುಗಿತು, ನುಂಗಿದರು. ಹತ್ತು ನಿಮಿಷಕ್ಕೆ ಉಸಿರು ಒಂದು ಹದಕ್ಕೆ ಬಂತು. ಬೆವರು ನಿಂತಿತು. ನನ್ನದು ನಿಲ್ಲಲಿಲ್ಲ.

"ಡಾಕ್ಟ್ರ," ಎಂದಳು ಅಕ್ಕ.

ಆಕೆ ಒಂದು ಕಾಲಿನ ಮೇಲೆ ನಿಂತಿದ್ದಳು. ಇನ್ನೊಂದು ಕಾಲಿನ ಬೆರಳುಗಳಲ್ಲಿ ಏನನ್ನೋ ಹಿಡಿದಿದ್ದು ಮುಖ ನೋಡಿದರೇ ತಿಳಿಯುತ್ತಿತ್ತು. ಉಸಿರು ಕಟ್ಟಿ ಮುಳುಗಿ, ಕೈ ಮೇಲೆತ್ತಿಕೊಂಡು ಎದ್ದಳು. ಅಂಗೈಯಲ್ಲಿ ಕಪ್ಪಗೆ ಹೊಳೆಯುತ್ತಿತ್ತು.

ಬಂಡೆಗೆ ಬಂದು ನನ್ನ ಕೈಗೆ ಕೊಡಹೋದಳು. ನಾನು ಹಿಂದೆ ಸರಿದೆ. ನನ್ನ ಬೆರಳಿಗೆ ಬೆಲ್ಲ ಮೆತ್ತಿತ್ತು. ಅಷ್ಟರಲ್ಲಿ ಅಪ್ಪ ಕಣ್ಣು ತೆರೆದಿದ್ದರು. ಸ್ವಲ್ಪ ಹೊತ್ತು ಬೇವಿನ ಗಿಡ ನೋಡಿದರು, ಆಮೇಲೆ ಅಕ್ಕನ ಕೈ ನೋಡಿದರು. ನಾನು ಎಬ್ಬಿಸಿ ಕೂರಿಸಿದೆ. ಮೀನಿನ ಕೈ ಎಂದು ಏನಾದರೂ ಅಂದಾರು ಎಂದು ಹೆದರಿದ್ದೆ. ಅವರು ಎರಡೂ ಕೈ ಜೋಡಿಸಿ ಚಾಚಿದರು. ಅಕ್ಕ ಅದರಲ್ಲಿ ಇಟ್ಟಳು. ಅಪ್ಪ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ಇದ್ದರು.

ನಂತರ ನಾಲಿಗೆಯನ್ನು ಬಾಯೊಳಗೆ ಆಡಿಸಿಕೊಂಡರು.

"ಬಾಯಾಗ ಸೀ ಐತಿ," ಎಂದರು.

"ಬೆಲ್ಲರಿ. ನಾ ಹಾಕೇನಿ."

"ಮೊದಲ ಯಾವುದು? ಇದು ಸಿಕ್ಕದ್ದೋ, ಬೆಲ್ಲೋ?"

ನಾನು ಅವರ ಕಣ್ಣು ನೋಡಿಕೊಂಡೇ ಹೇಳಿದೆ. "ಲಿಂಗ ಮೊದಲ ಸಿಕ್ತರಿ. ಸಿಕ್ಕ ಮ್ಯಾಲ ಹಾಕಿದೆ."

ಅಪ್ಪ ಅಕ್ಕನ ಕಡೆ ತಿರುಗಿದರು. "ಹೌದೇನವಾ ತಂಗಿ?"

ಆಕೆಯ ಸೀರೆಯಿಂದ ನೀರು ಸೋರುತ್ತಿತ್ತು. ಚಳಿಗೆ ತುಟಿ ನೀಲಿಯಾಗಿದ್ದವು. "ಹೌದ್ರಿ ಯಜಮಾನ್ರ," ಎಂದಳು. "ಮೊದಲ ಅದು. ಆಮ್ಯಾಲ ಬೆಲ್ಲ."

ಅಪ್ಪ ತಲೆಯಾಡಿಸಿದರು. ಬಂಡೆಯ ಮೇಲೆ ಕೂತು ಪೂಜೆ ಮಾಡಿಕೊಂಡರು, ಅರ್ಧ ತಾಸಿನದ್ದನ್ನು ಐದು ನಿಮಿಷದಲ್ಲಿ ಮುಗಿಸಿದರು. ಎರಡು ರೊಟ್ಟಿ ಮೊಸರಿನಲ್ಲಿ ನೆನೆಸಿಕೊಂಡು ಉಂಡರು. ನಾನು ಡೇರೆ ಬಿಚ್ಚಿದೆ. ಅಕ್ಕ ಆ ದಿನ ಬಲೆ ಎತ್ತಲಿಲ್ಲ, ಮೊದಲು ನಮ್ಮನ್ನು ಮುಟ್ಟಿಸುತ್ತೇನೆ ಎಂದಳು.

ಹರಿಗೋಲಿನಲ್ಲಿ ಅಪ್ಪ ಈ ಸಲ ಕಣ್ಣು ಮುಚ್ಚಲಿಲ್ಲ. ನಾನು ಎದುರಿಗೆ ಕೂತು ಅವರ ಮುಖದ ಬಣ್ಣವನ್ನೇ ನೋಡುತ್ತಿದ್ದೆ. ಸುಳ್ಳು ಹೇಳಿ ಒಳ್ಳೆಯದನ್ನೇ ಮಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಅದು ಅಷ್ಟಾಗಿ ಒಪ್ಪುತ್ತಿರಲಿಲ್ಲ. ಅವರ ನಂಬಿಕೆಯನ್ನು ಅವರಿಗೆ ತಿಳಿಯದಂತೆ ಮುರಿದು, ಮುರಿದಿಲ್ಲವೆಂದು ಆಣೆ ಮಾಡಿದಂತಾಗಿತ್ತು. ಅದಕ್ಕೆ ಸಾಕ್ಷಿ ಹೇಳಲು ಒಬ್ಬ ಪ್ರಾಮಾಣಿಕ ಹೆಂಗಸನ್ನೂ ಎಳೆದಿದ್ದೆ.

ನಡುನೀರಿಗೆ ಬಂದಾಗ ಅಪ್ಪ ತಗ್ಗಿದ ದನಿಯಲ್ಲಿ ಹೇಳಿದರು, "ಆ ತಂಗಿ ಕಡಿಂದ ಸುಳ್ಳ ಹೇಳಸಬಾರದಿತ್ತು."

ಅಕ್ಕ ಹುಟ್ಟು ಹಾಕುವುದನ್ನು ನಿಲ್ಲಿಸಿದಳು.

"ಬೆಲ್ಲ ತಂದಾಗ ನನಗ ಎಚ್ಚರಿತ್ತು," ಎಂದರು. "ಕೈ ಎತ್ತಾಕ ಬರತಿದ್ದಿಲ್ಲ, ಮಾತಾಡಾಕ ಬರತಿದ್ದಿಲ್ಲ. ಆದರ ಲಿಂಗ ಇನ್ನಾ ಸಿಕ್ಕಿಲ್ಲ ಅನ್ನೂದು ಗೊತ್ತಿತ್ತು. ನಿನ್ನ ಬೆರಳಿಗಿ ನನ್ನ ಬಾಯಿ ತೆರೀಲಿಲ್ಲ. ನಾನ ತೆಗದೆ."

ಅವರು ಕರಡಿಗೆಯ ಮೇಲೆ ಕೈ ಇಟ್ಟುಕೊಂಡು ನೀರು ನೋಡುತ್ತಿದ್ದರು. ನನ್ನ ಕಡೆ ನೋಡದೆಯೇ ಮುಂದಿನದನ್ನು ಹೇಳಿದರು.

"ಅಂಜಿಕಿ ಬಂತೋ ಮಗಾ."

ನಾನು ಅತ್ತೆ. ಅಪ್ಪ ಅಳಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಮತ್ತೆ ಹುಟ್ಟು ಹಾಕತೊಡಗಿದಳು.